ಒಂದೇ ಕವಚದೊಳಗೆ ಬೆಳಕು, ಸುದ್ದಿ

ಸಮುದ್ರದ ತಳದಲ್ಲಿ ವಿದ್ಯುತ್ತಿಗೊಂದು, ಸಂದೇಶಕ್ಕೊಂದು ಕೇಬಲ್ ಪ್ರತ್ಯೇಕವಾಗಿಯೇ ಇರಬೇಕೆಂಬ ಕಟ್ಟುಪಾಡು ಈಗ ಉಳಿದಿಲ್ಲ. ಉತ್ತರ ಸಮುದ್ರದ ಗಾಳಿ ವಿದ್ಯುತ್ ಸ್ಥಾವರಗಳಿಂದ ಯುರೋಪಿನ ದಡಕ್ಕೆ ಬರುವ ಕೇಬಲ್ಲುಗಳಲ್ಲಿ ಮೂರು ದಪ್ಪ ಲೋಹವಾಹಕಗಳ ನಡುವಣ ಸಂದಿಯಲ್ಲಿ ಕೂದಲೆಳೆಯಂಥ ಗಾಜಿನ ತಂತುಗಳೂ ಇರುತ್ತವೆ. ಅವೇ ಆಪ್ಟಿಕಲ್ ಫೈಬರ್‌ಗಳು. ಅವುಗಳಲ್ಲಿ ಹರಿಯುವುದು ಬೆಳಕಾದ್ದರಿಂದ ಪಕ್ಕದ ವಿದ್ಯುತ್ ಪ್ರವಾಹ ಸಂದೇಶವನ್ನು ಕೆಡಿಸದು. ಎಲ್ಲಕ್ಕೂ ಸೇರಿ ಉಕ್ಕಿನ ತಂತಿಗಳ ಒಂದೇ ಹೊರಕವಚ.

ಇದರ ಲಾಭ ಸ್ಪಷ್ಟ. ಹಡಗಿನ ಒಂದೇ ಯಾನದಲ್ಲಿ, ಒಂದೇ ಕಂದಕದಲ್ಲಿ ಎರಡು ಕೆಲಸ ಮುಗಿಯುತ್ತದೆ. ಮೇಲಾಗಿ ಈ ತಂತು ಕಾವಲುಗಾರನೂ ಹೌದು. ಅದರಿಂದ ಮರಳುವ ಬೆಳಕನ್ನು ಅಳೆದು ಕೇಬಲ್ ಎಲ್ಲಿ ಕಾಯುತ್ತಿದೆ, ಎಲ್ಲಿ ಕಂಪಿಸುತ್ತಿದೆ ಎಂಬುದನ್ನು ದಡದಲ್ಲಿ ಕುಳಿತೇ ತಿಳಿಯಬಹುದು.

ಆದರೆ ಅಪಾಯವೂ ಒಂದೇ ಕಡೆ ಕೂಡಿಕೊಳ್ಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200 ಸಂಪರ್ಕ ಕೇಬಲ್ಲುಗಳಿಗೆ ಹಾನಿಯಾಗುತ್ತದೆ. ಬಹುಪಾಲಿಗೆ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರುಗಳೇ ಕಾರಣ. 2024ರ ಡಿಸೆಂಬರ್ 25ರಂದು ಫಿನ್ಲೆಂಡ್ ಕೊಲ್ಲಿಯಲ್ಲಿ ಎಸ್ಟ್‌ಲಿಂಕ್-2 ವಿದ್ಯುತ್ ಕೇಬಲ್ಲಿನ ಜೊತೆಗೆ, ಬೇರೆ ಬೇರೆಯಾಗಿ ಹಾಸಿದ್ದ ನಾಲ್ಕು ದೂರಸಂಪರ್ಕ ಕೇಬಲ್ಲುಗಳೂ ಹಾನಿಗೊಂಡವು. ಈಗಲ್ ಎಸ್ ಎಂಬ ತೈಲ ಹಡಗು ಎಳೆದೊಯ್ದ ಲಂಗರೇ ಕಾರಣವೆಂದು ಫಿನ್ಲೆಂಡ್ ಆರೋಪಿಸಿತು. ಫಿನ್ಲೆಂಡ್-ಎಸ್ಟೋನಿಯ ನಡುವಣ ವಿದ್ಯುತ್ ವಿನಿಮಯ ಸಾಮರ್ಥ್ಯ 1,016 ಮೆಗಾವಾಟ್‌ನಿಂದ 358ಕ್ಕೆ ಕುಸಿಯಿತು. ಅಷ್ಟಾದರೂ ಉಳಿದದ್ದು ಎಸ್ಟ್‌ಲಿಂಕ್-1 ಎಂಬ ಇನ್ನೊಂದು ಮಾರ್ಗ ಇದ್ದುದರಿಂದ. ಎಸ್ಟ್‌ಲಿಂಕ್-2 ಮತ್ತೆ ಚಾಲನೆಗೊಂಡದ್ದು 2025ರ ಜೂನ್‌ನಲ್ಲಿ.

ಕಾನೂನು ಇನ್ನೂ ದುರ್ಬಲ. ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳ ರಕ್ಷಣೆಗೆ 1884ರಲ್ಲೇ ಪ್ಯಾರಿಸ್‌ನಲ್ಲಿ ಒಪ್ಪಂದವಾಯಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವೂ ಕೇಬಲ್ ತುಂಡರಿಸಿದವರನ್ನು ಶಿಕ್ಷಿಸುವ ಹೊಣೆಯನ್ನು ಮುಖ್ಯವಾಗಿ ಹಡಗು ಯಾವ ದೇಶದ ಧ್ವಜ ಹೊತ್ತಿದೆಯೋ ಆ ದೇಶಕ್ಕೇ ಬಿಟ್ಟಿದೆ. ಈಗಲ್ ಎಸ್ ಹೊತ್ತಿದ್ದುದು ಪುಟ್ಟ ಕುಕ್ ದ್ವೀಪಗಳ ಧ್ವಜ. ಹಾನಿ ನಡೆದದ್ದು ಪ್ರಾದೇಶಿಕ ಜಲಗಡಿಯ ಆಚೆ ಎಂಬ ಕಾರಣಕ್ಕೆ ಹೆಲ್ಸಿಂಕಿ ಜಿಲ್ಲಾ ನ್ಯಾಯಾಲಯ 2025ರ ಅಕ್ಟೋಬರ್‌ನಲ್ಲಿ, ತನಗೆ ವಿಚಾರಣೆಯ ಅಧಿಕಾರವಿಲ್ಲವೆಂದು ಪ್ರಕರಣವನ್ನು ವಜಾಗೊಳಿಸಿತು. ನಷ್ಟ ಉಂಡವರ ಅಂಗಳದಲ್ಲಿ ನ್ಯಾಯ ಸಿಗಲಿಲ್ಲ.

ಭಾರತಕ್ಕೆ ಇದು ದೂರದ ಸುದ್ದಿಯಲ್ಲ. 2020ರಲ್ಲಿ ಚೆನ್ನೈನಿಂದ ಅಂಡಮಾನ್-ನಿಕೋಬಾರ್‌ಗೆ, 2024ರಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಸಂಪರ್ಕ ಕೇಬಲ್ ತಲುಪಿದೆ. ಗುಜರಾತ್ ಮತ್ತು ತಮಿಳುನಾಡು ತೀರದಾಚೆ ಒಟ್ಟು 1,000 ಮೆಗಾವಾಟ್ ಗಾಳಿ ವಿದ್ಯುತ್ ಉತ್ಪಾದಿಸುವ ಯೋಜನೆಗೆ 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ನೆರವು ಮಂಜೂರು ಮಾಡಿದೆ. ಇಂಥ ಸ್ಥಾವರಗಳು ಮೈದಳೆದರೆ ಅವುಗಳಿಂದ ದಡಕ್ಕೆ ಬರುವುದು ಬಹುಶಃ ಜೋಡಿ ಕೇಬಲ್ಲೇ.

ಜೋಡಿ ಕೇಬಲ್ ಬೇಡವೆನ್ನುವುದು ವಿವೇಕವಲ್ಲ. ಆದರೆ ಅದರಿಂದ ಉಳಿದ ಹಣದಲ್ಲಿ ಒಂದು ಪಾಲು ಬೇರೆ ದಾರಿಯ ಎರಡನೆಯ ಕೇಬಲ್ಲಿಗೆ, ದುರಸ್ತಿ ಹಡಗಿಗೆ ಮೀಸಲಾಗಬೇಕು. ಜಲಗಡಿಯಾಚೆ ಹಾನಿ ಮಾಡಿದವರನ್ನು ಹೊಣೆಗಾರರನ್ನಾಗಿಸುವ ಅಂತರರಾಷ್ಟ್ರೀಯ ತಿದ್ದುಪಡಿಗೂ ಭಾರತ ದನಿಯೆತ್ತಬೇಕು. ದೀಪ ಆರಿದಾಗ ಹಾಗೆಂದು ತಿಳಿಸುವ ದಾರಿಯಾದರೂ ತೆರೆದಿರಬೇಕು. ಎರಡೂ ಒಂದೇ ಏಟಿಗೆ ಕಡಿದುಹೋದರೆ ದ್ವೀಪ ನಿಜಕ್ಕೂ ದ್ವೀಪವಾಗಿಬಿಡುತ್ತದೆ.