ಚಟ್ನಿಪುಡಿಗಿಂತ ಮೊದಲು ಕಾಗದಪತ್ರ

ಮಗಳಿಗೆ ಜರ್ಮನಿಯಲ್ಲಿ ಕೆಲಸದಲ್ಲಿರುವ ಗಂಡು ಗೊತ್ತಾಯಿತು ಎಂದ ಕೂಡಲೇ ನಾವು ತಾಯಂದಿರು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಚಟ್ನಿಪುಡಿಗೆ ಕಡಲೆಬೇಳೆ ಹುರಿಯುವುದು! ನಾನೂ ಅದನ್ನೇ ಮಾಡಿದೆ. ಸಾರಿನಪುಡಿ, ಮೆಂತ್ಯದಹಿಟ್ಟು, ಹಪ್ಪಳ, ಸಂಡಿಗೆ ಎಲ್ಲಕ್ಕೂ ಡಬ್ಬಿ ಹೊಂದಿಸಿ ಚೀಟಿ ಅಂಟಿಸಿದೆ. ಮದುವೆಯಾದ ಹದಿನೈದು ದಿನಕ್ಕೆ ರಜೆ ಮುಗಿದು ಅಳಿಯಂದಿರು ಹೊರಟರು. ಮಗಳು ಹೊರಟದ್ದು ಮಾತ್ರ ಏಳು ತಿಂಗಳ ಮೇಲೆ. ಅಷ್ಟರೊಳಗೆ ಆ ಹಪ್ಪಳವನ್ನೆಲ್ಲ ನಾವೇ ಕರಿದು ತಿಂದು ಮುಗಿಸಿದ್ದೆವು!

ಇದಕ್ಕೆ ಯಾರನ್ನೂ ದೂರುವಂತಿಲ್ಲ. ತಪ್ಪು ನಮ್ಮ ಮನೆಯದೇ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಮಗಳ ಹೆಸರಿನ ನಡುವೆ ಇಂಗ್ಲಿಷಿನ ‘ವೈ’ ಅಕ್ಷರ. ಪಾಸ್‌ಪೋರ್ಟಿನಲ್ಲಿ ಅದೇ ಜಾಗದಲ್ಲಿ ‘ಎ-ಐ’. ಒಂದರಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ, ಇನ್ನೊಂದರಲ್ಲಿ ಪೂರ್ತಿ ಹೆಸರು. ಮದುವೆ ನೋಂದಣಿಗೆ ಹೋದಾಗ ಮಾರ್ಕ್ಸ್ ಕಾರ್ಡ್ ನೋಡಿ ಬರೆಸಿಬಿಟ್ಟೆವು. “ಅಯ್ಯೋ, ಒಂದಕ್ಷರ ತಾನೇ!” ಅಂದವಳು ನಾನೇ. ನಮಗೆ ಒಂದಕ್ಷರ, ಪರದೇಶದ ಕಚೇರಿಗೆ ಅವರಿಬ್ಬರೂ ಬೇರೆ ಬೇರೆ ಹೆಂಗಸರು! ಅದನ್ನು ತಿದ್ದಿಸುವುದರಲ್ಲೇ ತಿಂಗಳುಗಳು ಉರುಳಿದವು.

ಎಸ್.ಎಸ್.ಎಲ್.ಸಿ. ಓದಿದ ನಾನು ಆ ಏಳು ತಿಂಗಳಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಇಲ್ಲಿಂದ ಹೊರಡಲು ವೀಸಾ. 90 ದಿನಕ್ಕಿಂತ ಹೆಚ್ಚು ಕಾಲ ಉಳಿಯುವವರಿಗೆ ಬೇಕಾದ್ದು ಪ್ರವಾಸಿ ವೀಸಾ ಅಲ್ಲ, ‘ನ್ಯಾಷನಲ್ ವೀಸಾ’. ದೊಡ್ಡವರಿಗೆ ಶುಲ್ಕ 75 ಯೂರೋ. “ಪ್ರವಾಸಿ ವೀಸಾದಲ್ಲಿ ಹೋಗಿಬಿಡಲಿ, ಅಲ್ಲೇ ಬದಲಾಯಿಸಿಕೊಂಡರಾಯಿತು” ಅನ್ನುವವರ ಮಾತು ಕೇಳಬೇಡಿ. ಲಗ್ನಪತ್ರಿಕೆ, ಫೋಟೋ ಆಲ್ಬಮ್ ನಂಬಿ ಕೂತರೂ ಆಗದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮದುವೆ ಸರ್ಟಿಫಿಕೇಟೇ ಬೇಕು.

ಅಳಿಯನ ಬಳಿ ‘ಬ್ಲೂ ಕಾರ್ಡ್’ ಎಂಬ ಪರವಾನಗಿ ಇದ್ದರೆ ಹುಡುಗಿ ಜರ್ಮನ್ ಭಾಷೆಯ ಪರೀಕ್ಷೆ ಕೊಡಬೇಕಾಗಿಲ್ಲ. ಬೇರೆ ಪರವಾನಗಿಯಾದರೆ ‘ಎ1’ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಕೇಳುವುದುಂಟು. ಕೇಳಲಿ ಬಿಡಲಿ, ನಾಲ್ಕು ಮಾತು ಕಲಿಸಿಯೇ ಕಳಿಸಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಸುತ್ತಾರೆ.

ಅಲ್ಲಿಗೆ ಮುಟ್ಟಿದ ಮೇಲೆ ಎರಡು ಕೆಲಸ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಅದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆಯ ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಆಮೇಲೆ, ವೀಸಾ ಅವಧಿ ಮುಗಿಯುವ ಮೊದಲೇ, ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಆರೋಗ್ಯ ವಿಮೆ, ಬಾಡಿಗೆ ಕರಾರು, ಗಂಡನ ಸಂಬಳದ ಚೀಟಿ ಇವೆಲ್ಲ ಜೊತೆಗಿರಲಿ. ಮೊದಲ ಸಲದ ಶುಲ್ಕ 100 ಯೂರೋ. ಬೆರಳಚ್ಚು ತೆಗೆದುಕೊಳ್ಳುತ್ತಾರೆ. ಕಾರ್ಡು ಬರ್ಲಿನ್ನಿನಲ್ಲಿ ಅಚ್ಚಾಗಿ ಬರಲು ಕೆಲವು ವಾರ ಹಿಡಿಯುತ್ತದೆ. ಸಕಾಲಕ್ಕೆ ಅರ್ಜಿ ಹಾಕಿದ್ದರೆ ಉತ್ತರ ಬರುವ ತನಕ ಅಲ್ಲಿರಲು ಅಡ್ಡಿಯಿಲ್ಲ. ಅದಕ್ಕೆ ತಾತ್ಕಾಲಿಕ ಪತ್ರ ಕೊಡುತ್ತಾರೆ.

ಇನ್ನು ಬಾಣಂತನದ ವಿಷಯ. ಏಳನೆಯ ತಿಂಗಳಿಗೆ ಬಂದು, ಮಗುವಿಗೆ ಐದು ತುಂಬಿದ ಮೇಲೆ ಹೋಗುವುದು ನಮ್ಮ ರೂಢಿ. ಆದರೆ 6 ತಿಂಗಳಿಗಿಂತ ಹೆಚ್ಚು ಜರ್ಮನಿಯಿಂದ ಹೊರಗಿದ್ದರೆ ಸಾಮಾನ್ಯ ಪರವಾನಗಿ ತಾನಾಗಿ ಬಿದ್ದುಹೋಗುತ್ತದೆ. ಬ್ಲೂ ಕಾರ್ಡಿನವರ ಕುಟುಂಬಕ್ಕೆ 12 ತಿಂಗಳ ಅವಕಾಶವುಂಟು. ಹೊರಡುವ ಮೊದಲೇ ಅಲ್ಲಿನ ಕಚೇರಿಯಲ್ಲಿ ವಿಚಾರಿಸಿ ಬರೆಸಿಕೊಂಡು ಬರಲಿ.

ಕೊನೆಯ ಮಾತು, ಮನಸ್ಸಿಟ್ಟು ಓದಿ. ಕಾರ್ಡ್ ಬಂತೆಂದು ಮಗಳು ಫೋನ್ ಮಾಡಿದಾಗ “ಎಲ್ಲಿಟ್ಟಿದ್ದೀಯೆ?” ಎಂದೆ. “ಅವರ ಫೈಲಿನಲ್ಲಿದೆ ಅಮ್ಮಾ. ಕಚೇರಿಯಲ್ಲೂ ಎಲ್ಲ ಅವರೇ ಮಾತಾಡಿದರು, ನಾನು ಸುಮ್ಮನೆ ನಿಂತಿದ್ದೆ” ಎಂದಳು. ನನ್ನ ಅಳಿಯಂದಿರು ಬಂಗಾರದಂಥವರು. ಆದರೂ ಹೇಳಿದೆ, “ಅದು ನಿನ್ನ ಹೆಸರಿನದು ಕಣೇ. ನಿನ್ನ ಪರ್ಸಿನಲ್ಲೇ ಇರಲಿ. ಅದರಲ್ಲಿ ಏನು ಬರೆದಿದೆ ಓದಿಸಿಕೊಂಡು ತಿಳಿದುಕೋ.”

ಆ ಕಾರ್ಡಿನ ಮೇಲೆ ಹೆಂಡತಿಯೂ ಕೆಲಸಕ್ಕೆ ಹೋಗಬಹುದು. ಆರಂಭದಲ್ಲಿ ಅವಳ ಪರವಾನಗಿ ಗಂಡನದಕ್ಕೆ ಹೊಂದಿಕೊಂಡಿರುತ್ತದೆ, ನಿಜ. ಆದರೆ ಅಲ್ಲಿ 3 ವರ್ಷ ಒಟ್ಟಿಗೆ ಸಂಸಾರ ಮಾಡಿದ ಮೇಲೆ, ದೇವರು ಹಾಗೆ ಮಾಡದಿರಲಿ, ಇಬ್ಬರೂ ಬೇರೆಯಾದರೆ ತನ್ನದೇ ಹಕ್ಕಿನಿಂದ ಉಳಿಯಲು ಕಾನೂನು ಬಿಡುತ್ತದೆ. ಹೊಡೆತ ಬಡಿತದಂಥ ಕಷ್ಟವಿದ್ದರೆ 3 ವರ್ಷ ಕಾಯಲೇಬೇಕೆಂದಿಲ್ಲ. “ಬಿಟ್ಟುಹೋದರೆ ಮರುದಿನವೇ ಊರಿಗೆ ಅಟ್ಟುತ್ತಾರೆ” ಎಂಬ ಹೆದರಿಕೆಗೆ ಯಾವ ಹೆಣ್ಣುಮಗಳೂ ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಶುಭ ಕಾಲದಲ್ಲಿ ಇಂಥ ಮಾತೇಕೆ ಎನ್ನಬೇಡಿ. ಕೊಡೆಯನ್ನು ಮಳೆಗೆ ಮುಂಚೆಯೇ ಅಲ್ಲವೇ ಕೊಳ್ಳುವುದು?

ಆದ್ದರಿಂದ ಸೋದರಿಯರೇ, ಮಗಳ ಮದುವೆ ಮಾತು ಬರುವುದಕ್ಕೂ ಮೊದಲೇ ಅವಳ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ಹೊರತೆಗೆದು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸವಿದ್ದರೆ ಈಗಲೇ ತಿದ್ದಿಸಿ. ಕಡಲೆಬೇಳೆ ಆಮೇಲೆ ಹುರಿದರಾಯಿತು!