ಬಾಳ್ ಮತ್ತು ಬಾೞ್: ಖಡ್ಗವಾಚಕ ಶಬ್ದವೊಂದರ ಪಾಠವಿಚಾರ

‘ಅಮರಕೋಶ’ವು ಖಡ್ಗಕ್ಕೆ ನಿಸ್ತ್ರಿಂಶ, ಚಂದ್ರಹಾಸ, ಕೌಕ್ಷೇಯಕ, ಮಂಡಲಾಗ್ರ, ಕರವಾಲ, ಕೃಪಾಣ ಮೊದಲಾದ ಪರ್ಯಾಯಗಳನ್ನು ಹೇಳುತ್ತದೆ. ಕನ್ನಡದ ಸ್ವಂತ ಶಬ್ದವಾದರೋ ‘ಬಾಳ್’. ತಮಿಳು ಮಲಯಾಳಗಳ ‘ವಾಳ್’, ತೆಲುಗಿನ ‘ವಾಲು’ ಇದರ ಸೋದರ ರೂಪಗಳು. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ವಿದ್ವಾಂಸರಿಗೆ ಸುಪರಿಚಿತವೇ. ಇಷ್ಟರಲ್ಲಿ ವಿವಾದವಿಲ್ಲ. ತೊಡಕಿರುವುದು ಓಲೆಗರಿಗಳಲ್ಲಿ.

ಖಡ್ಗವೆಂಬರ್ಥದ ‘ಬಾಳ್’ ಶಬ್ದದ ಕೊನೆಯದು ಕುಳ. ಜೀವಿಸು, ಜೀವನ ಎಂಬರ್ಥದ ‘ಬಾೞ್’ ಶಬ್ದದ ಕೊನೆಯದು ರಳ. ರಳದ ಉಚ್ಚಾರಣೆ ಅಳಿದ ಮೇಲೆ ಲಿಪಿಕಾರರು ಎರಡನ್ನೂ ಒಂದೇ ಳಕಾರದಿಂದ ಬರೆಯತೊಡಗಿದರು. ಸುಮಾರು ಕ್ರಿ.ಶ. ೧೨೬೦ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳವುಳ್ಳ ಶಬ್ದಗಳನ್ನು ಎಣಿಸಿ ಹೇಳಬೇಕಾಯಿತೆಂದರೆ, ಆ ವೇಳೆಗೆ ಕಿವಿಯ ಸಾಕ್ಷ್ಯ ತಪ್ಪಿಹೋಗಿತ್ತೆಂದೇ ತಿಳಿಯಬೇಕು.

ಇದರಿಂದ ಒದಗುವ ಅನರ್ಥ ಅಲ್ಪವಲ್ಲ. ‘ಅರಸಂ ಬಾಳಂ ಬಿಟ್ಟಂ’ ಎಂದು ಒಂದು ವಾಕ್ಯವಿದೆಯೆನ್ನೋಣ (ಉದಾಹರಣೆಗಾಗಿ ನಾನೇ ಕಲ್ಪಿಸಿದ್ದು). ಕುಳವಾದರೆ ಅರಸನು ಖಡ್ಗವನ್ನು ತ್ಯಜಿಸಿದನು, ಎಂದರೆ ದೀಕ್ಷೆಗೆ ಅಭಿಮುಖನಾದನು. ರಳವಾದರೆ ಜೀವಿತವನ್ನೇ ಬಿಟ್ಟನು, ಪ್ರಸಂಗವು ಸಲ್ಲೇಖನೆಯದಾಗಬಹುದು. ಒಂದೇ ಅಕ್ಷರದ ಮೇಲೆ ಒಬ್ಬನ ತಪಸ್ಸೋ ಮರಣವೋ ನಿಂತಿದೆ. ಅಚ್ಚಿನಲ್ಲಿ ಎರಡಕ್ಕೂ ಳಕಾರವನ್ನೇ ಹಾಕಿ ಮುಂದೆ ಸಾಗುವ ಸಂಪಾದಕರು ಈ ಪ್ರಶ್ನೆಯನ್ನೇ ಮುಚ್ಚಿಬಿಡುತ್ತಾರೆ.

ಶಾಸನಗಳ ನೆರವು ಇಲ್ಲಿ ದೊಡ್ಡದು. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. ೯೪೯-೫೦ರ ಶಾಸನದಲ್ಲಿ ಗಂಗರ ಬೂತುಗನು ಮಣಲೇರನಿಗೆ ಆತಕೂರು ಮೊದಲಾದ ಊರುಗಳನ್ನು ‘ಬಾಳ್ಗಚ್ಚು’ ಆಗಿ ಕೊಟ್ಟ ಸಂಗತಿಯಿದೆ. ‘ಕಚ್ಚು’ ಎಂದೊಡನೆ ಇಂದಿನವರಿಗೆ ಹಲ್ಲು ನೆನಪಾಗುತ್ತದೆ. ಆದರೆ ಇದು ತೊಳೆ ಎಂಬರ್ಥದ ‘ಕೞ್ಚು’; ರಳವು ಪರವ್ಯಂಜನದೊಡನೆ ಕೂಡಿದಾಗ ರೇಫವಾಗಿ ‘ಕರ್ಚು’ ಎಂದೂ, ರೇಫವೂ ಅಡಗಿ ‘ಕಚ್ಚು’ ಎಂದೂ ಆಯಿತು. ‘ಗೞ್ದೆ’ಯು ‘ಗರ್ದೆ’ಯಾಗಿ ‘ಗದ್ದೆ’ಯಾದುದೂ ಹೀಗೆಯೇ. ಕಾಳಗದಲ್ಲಿ ಮೆರೆದ ವೀರನ ಖಡ್ಗವನ್ನು ತೊಳೆದು ಕೊಡುವ ಭೂದಾನವೇ ಬಾಳ್ಗಚ್ಚು ಎಂಬ ವಿವರಣೆ ಒಪ್ಪತಕ್ಕದ್ದು. ಪೂರ್ವಪದದಲ್ಲಿ ಕುಳ, ಉತ್ತರಪದದಲ್ಲಿ ಮರೆಯಾದ ರಳ: ಎರಡೂ ಒಂದೇ ಸಮಾಸದಲ್ಲಿ ದೊರೆಯುವುದು ವಿಶೇಷ.

ಕಾವ್ಯಪ್ರತಿಗಳಲ್ಲಿ ಪ್ರಾಸವೇ ದೀಪ. ಪದ್ಯದ ಆದಿಯಲ್ಲಿ ‘ಬಾಳ’ ಎಂದಿದ್ದು, ಉಳಿದ ಪಾದಗಳ ಪ್ರಾಸಸ್ಥಾನದಲ್ಲಿ ತೋಳ್, ಕೋಳ್, ಆಳ್ (ಸೇವಕ) ಮುಂತಾದ ಕುಳದ ಶಬ್ದಗಳು ಬಂದರೆ ಖಡ್ಗವೆಂದು ತಿಳಿಯಬಹುದು. ಏೞು, ಕೂೞ್, ಆೞ್ (ಮುಳುಗು) ಬಂದರೆ ಜೀವನ. ಆದರೆ ಈ ಪರೀಕ್ಷೆ ಪಂಪ, ಪೊನ್ನ, ರನ್ನರ ಕಾಲದ ಕೃತಿಗಳಿಗೆ ಸಲ್ಲುವಷ್ಟು ಅನಂತರದವುಗಳಿಗೆ ಸಲ್ಲದು. ಕವಿಗಳೇ ಎರಡನ್ನೂ ಬೆರೆಸಿದಲ್ಲಿ ಪ್ರಾಸವು ಯಾವ ಪಕ್ಷವನ್ನೂ ಹಿಡಿಯುವುದಿಲ್ಲ. ಅಂಥ ಸ್ಥಳಗಳಲ್ಲಿ ಪ್ರತಿಯಲ್ಲಿರುವ ಳಕಾರವನ್ನು ಹಾಗೆಯೇ ಉಳಿಸಿ, ಎರಡು ಅರ್ಥಗಳನ್ನೂ ಅಡಿಟಿಪ್ಪಣಿಯಲ್ಲಿ ಕೊಡುವುದು ನಾನು ಅನುಸರಿಸುವ ಕ್ರಮ.