ಹತ್ತು ವರ್ಷ ಬಲೆ ಬೀಸದ ನದಿ

ಪ್ರತಿವರ್ಷ ಜೂನ್ ಮತ್ತು ಜುಲೈ ತಿಂಗಳ 61 ದಿನ ನಮ್ಮ ಕರಾವಳಿಯ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನಿನ ಸಂತತಿ ಬೆಳೆಯಲು ಈ ಬಿಡುವು ಬೇಕೆಂಬುದು ಮೀನುಗಾರ ಕುಟುಂಬಗಳಿಗೆ ಗೊತ್ತು. ಆ ಎರಡು ತಿಂಗಳು ಮನೆ ನಡೆಸುವ ಕಷ್ಟವೂ ಗೊತ್ತು. ಇಂತಹ ನಿಷೇಧ ಹತ್ತು ವರ್ಷಗಳದ್ದಾದರೆ? ಚೀನಾದ ಯಾಂಗ್ಟ್ಸೆ ನದಿಯಲ್ಲಿ ಈಗ ಜಾರಿಯಲ್ಲಿರುವುದು ಅದೇ.

ಸುಮಾರು 6,300 ಕಿಲೋಮೀಟರ್ ಉದ್ದದ ಯಾಂಗ್ಟ್ಸೆ ಏಷ್ಯಾದ ಅತಿ ಉದ್ದದ ನದಿ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ ಶಾಂಘೈ ಬಳಿ ಸಮುದ್ರ ಸೇರುತ್ತದೆ. ಅದರ ಜಲಾನಯನ ಪ್ರದೇಶದಲ್ಲಿ 40 ಕೋಟಿಗೂ ಹೆಚ್ಚು ಜನ ವಾಸವಾಗಿದ್ದಾರೆ. ಕುಡಿಯುವ ನೀರು, ಭತ್ತದ ಬೆಳೆ, ವಿದ್ಯುತ್, ಸರಕು ಸಾಗಣೆ ಎಲ್ಲದಕ್ಕೂ ಅವರಿಗೆ ಈ ನದಿ ಬೇಕು.

ಆದರೆ ಇಷ್ಟೆಲ್ಲ ಕೊಟ್ಟ ನದಿ ಬಡವಾಯಿತು. 1981ರಲ್ಲಿ ಗೆಝೌಬಾ ಅಣೆಕಟ್ಟು ನದಿಗೆ ಅಡ್ಡವಾದಾಗ ಮೊಟ್ಟೆಯಿಡಲು ಮೇಲಕ್ಕೆ ಹೋಗುತ್ತಿದ್ದ ಮೀನುಗಳ ದಾರಿ ಮುಚ್ಚಿತು. ಹಡಗುಗಳ ಓಡಾಟ, ಮಾಲಿನ್ಯ, ವಿದ್ಯುತ್ ಹಾಯಿಸಿ ಮೀನು ಹಿಡಿಯುವ ಪದ್ಧತಿ ಇವೂ ಸೇರಿಕೊಂಡವು. 2006ರಲ್ಲಿ ವಿಜ್ಞಾನಿಗಳು ಆರು ವಾರ ಹುಡುಕಿದರೂ 'ಬೈಜಿ' ಎಂಬ ನದಿ ಡಾಲ್ಫಿನ್ ಒಂದೂ ಕಾಣಲಿಲ್ಲ. 2003ರ ನಂತರ ಯಾರ ಕಣ್ಣಿಗೂ ಬೀಳದ ಚೀನಾದ ಪ್ಯಾಡಲ್‌ಫಿಶ್ ಅಳಿದುಹೋಗಿದೆ ಎಂದು 2022ರಲ್ಲಿ ಘೋಷಿಸಲಾಯಿತು.

2003ರಿಂದಲೇ ಅಲ್ಲಿ ವರ್ಷಕ್ಕೆ ಕೆಲವು ತಿಂಗಳ ನಿಷೇಧವಿತ್ತು. ಆದರೆ ಬಿಡುವಿನಲ್ಲಿ ಹುಟ್ಟಿದ ಮರಿಗಳು ಬೆಳೆಯುವ ಮೊದಲೇ ಬಲೆಗೆ ಬೀಳುತ್ತಿದ್ದವು. ಆದುದರಿಂದ 2021ರ ಜನವರಿ 1ರಿಂದ ಮುಖ್ಯ ನದಿ ಮತ್ತು ದೊಡ್ಡ ಉಪನದಿಗಳಲ್ಲಿ ಹತ್ತು ವರ್ಷ ಮೀನುಗಾರಿಕೆಯನ್ನು ನಿಲ್ಲಿಸಲಾಯಿತು. ಸುಮಾರು 1.11 ಲಕ್ಷ ದೋಣಿಗಳು ದಡ ಸೇರಿದವು. ಸುಮಾರು 2.31 ಲಕ್ಷ ಮೀನುಗಾರರು ಕಸುಬು ಬಿಡಬೇಕಾಯಿತು.

ಇವರ ಗತಿಯೇನು? ದೋಣಿ, ಬಲೆಗಳಿಗೆ ಪರಿಹಾರ, ಬೇರೆ ಕೆಲಸದ ತರಬೇತಿ, ಪಿಂಚಣಿ ವಿಮೆಯ ವ್ಯವಸ್ಥೆ ಮಾಡಲಾಯಿತು. ಕೆಲವರು ಇಂದು ಅದೇ ನದಿಯಲ್ಲಿ ಕಳ್ಳ ಮೀನುಗಾರಿಕೆಯನ್ನು ತಡೆಯುವ ಕಾವಲುಗಾರರಾಗಿದ್ದಾರೆ. ನದಿಯ ತಿರುವು, ಸುಳಿಗಳನ್ನು ಅವರಷ್ಟು ಬಲ್ಲವರು ಬೇರೆ ಯಾರು? ಆದರೂ ತಲೆತಲಾಂತರದಿಂದ ಬಂದ ಕಸುಬನ್ನು ಕಳೆದುಕೊಂಡ ನೋವಿಗೆ ಹಣವೊಂದೇ ಮದ್ದಲ್ಲ.

ಫಲ ಕಾಣತೊಡಗಿದೆ. ಬೆನ್ನಿನ ಮೇಲೆ ಈಜುರೆಕ್ಕೆಯಿಲ್ಲದ, ಡಾಲ್ಫಿನ್‌ನ ಬಂಧುವಾದ ಪಾರ್ಪಾಯ್ಸ್‌ಗಳ ಸಂಖ್ಯೆ 2017ರಲ್ಲಿ 1,012 ಇದ್ದುದು 2022ರ ಗಣತಿಯಲ್ಲಿ 1,249ಕ್ಕೆ ಏರಿತು. ಆದರೆ ಅಣೆಕಟ್ಟುಗಳೂ ಹಡಗುಗಳೂ ಇನ್ನೂ ಅಲ್ಲೇ ಇವೆ. ನದಿಗೆ ಹಾನಿ ಮಾಡಿದವರು ಹಲವರು, ಬದುಕನ್ನೇ ಬದಲಿಸಿಕೊಂಡವರು ಮೀನುಗಾರರು.

ನದಿಯಾಗಲಿ ಕಡಲಾಗಲಿ, ಅದನ್ನು ಉಳಿಸುವ ಹೊರೆಯನ್ನು ಬಡವನೊಬ್ಬನ ತಲೆಯ ಮೇಲೆ ಹೊರಿಸಿದರೆ ಆ ಕೆಲಸ ಬಾಳುವುದಿಲ್ಲ. ನಮ್ಮಲ್ಲಿಯೂ ನಿಷೇಧದ ತಿಂಗಳುಗಳಿಗಾಗಿ ಮೀನುಗಾರರ ಪಾಲಿನೊಂದಿಗೆ ಸರಕಾರದ ಪಾಲೂ ಸೇರುವ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ. ನಮ್ಮ ವಾಳೆಯ ಮೀನುಗಾರ ಕುಟುಂಬಗಳಿಗೆ ಅದು ತಲುಪಿದೆಯೇ ಎಂದು ವಿಚಾರಿಸುವುದು ನಾವು ಇಂದೇ ಮಾಡಬಹುದಾದ ಕೆಲಸ.